ಬಲ್ಲ ಕೈ, ಬೆಚ್ಚನೆಯ ಎಣ್ಣೆ

ಮೈ ತಿಕ್ಕಿಸಿಕೊಳ್ಳುವುದಕ್ಕೂ ಈಗ ದರಪಟ್ಟಿ ಬಂದಿದೆ. ಬೆಂಗಳೂರಿನ ದೊಡ್ಡ ಬಡಾವಣೆಗಳಲ್ಲಿ ಸ್ವೀಡಿಷ್, ಥಾಯ್, ಬಾಲಿನೀಸ್, ಡೀಪ್ ಟಿಶ್ಯೂ, ಹಾಟ್ ಸ್ಟೋನ್, ಶಿರೋಧಾರೆ ಎಂದು ಸಾಲಾಗಿ ಬರೆದು ಒಂದೊಂದರ ಮುಂದೆ ಒಂದೊಂದು ಬೆಲೆ, ಒಂದೊಂದು ಗುಣ ಅಂಟಿಸಿರುತ್ತಾರೆ. ಇದು ಬೆನ್ನುನೋವಿಗೆ, ಅದು ನಿದ್ರೆಗೆ, ಮತ್ತೊಂದು ಮೈಯೊಳಗಿನ ‘ವಿಷ’ ಹೊರಹಾಕುವುದಕ್ಕೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆ ಈ ಕೆಲಸಕ್ಕೆ ಇಷ್ಟೊಂದು ಹೆಸರಿಲ್ಲ. ಎಣ್ಣೆ ಹಚ್ಚುವುದು, ತಿಕ್ಕುವುದು, ನೀವುವುದು, ಉಳುಕು ತೆಗೆಯುವುದು, ಬಾಣಂತಿಗೆ ಎಣ್ಣೆ-ನೀರು ಹಾಕುವುದು, ಇಷ್ಟಕ್ಕೆ ಮುಗಿಯಿತು. ಅಂಗಮರ್ದನದ ಬಗ್ಗೆ ಕಳೆದ ನಾಲ್ಕು ದಶಕಗಳಲ್ಲಿ ನಡೆದ ಮುಖ್ಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ದುರ್ಗದ ಸೀಮೆಯ ಈ ಬಡ ಪಟ್ಟಿಯೇ ಸತ್ಯಕ್ಕೆ ಹತ್ತಿರವಿದೆ ಅನಿಸುತ್ತದೆ. ಪದ್ಧತಿಯ ಹೆಸರಿನಲ್ಲಿ ಇರುವ ಗುಣ ಕಡಿಮೆ. ಕೊಟ್ಟ ಹೊತ್ತು, ಒತ್ತುವ ಕೈಯ ತಿಳಿವಳಿಕೆ, ಯಾವ ಮೈಯನ್ನು ಮುಟ್ಟಬಾರದೆಂಬ ಎಚ್ಚರ, ಇವುಗಳಲ್ಲಿ ಇರುವುದೇ ಹೆಚ್ಚು. ಇದು ನಿಜವಾದರೆ ಚಿತ್ರದುರ್ಗ ಜಿಲ್ಲೆ ಹೊಸ ಪದ್ಧತಿಗಳ ಫಲಕ ತೂಗುಹಾಕುವ ಬದಲು ತನ್ನಲ್ಲಿ ಈಗಾಗಲೇ ಇರುವ ಕೈಗಳಿಗೆ ಒಂದಿಷ್ಟು ತರಬೇತಿ, ತಕ್ಕ ಕೂಲಿ ಕೊಡಬೇಕಾಗುತ್ತದೆ.

ನೋವು ಯಾರದು ಎಂಬುದನ್ನು ಮೊದಲು ನೋಡಬೇಕು. ಮಳೆ ನಂಬಿದ ಶೇಂಗಾ ಹೊಲದಲ್ಲಿ ದಿನವಿಡೀ ಸೊಂಟ ಬಗ್ಗಿಸಿ ಗಿಡ ಕೀಳುವ ಹೆಂಗಸರು, ಹೊಳಲ್ಕೆರೆ ಮತ್ತು ಭೀಮಸಮುದ್ರದ ಸುತ್ತ ಸುಗ್ಗಿಯಲ್ಲಿ ಕೂತಲ್ಲೇ ಕೂತು ಅಡಿಕೆ ಸುಲಿಯುವವರು, ಹೊಸದುರ್ಗದ ತೋಟಗಳಲ್ಲಿ ತೆಂಗಿನ ಮರ ಹತ್ತುವವರು, ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರು, ಅದಿರಿನ ಲಾರಿ ಓಡಿಸುವವರು, ಹಿರಿಯೂರಿನ ಮೇಲೆ ಹಾಯ್ದುಹೋಗುವ 48ನೇ ನಂಬರಿನ ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಸ್ಟಿಯರಿಂಗ್ ಹಿಡಿದವರು. ಸೊಂಟ, ಕುತ್ತಿಗೆ, ಮಂಡಿ ಹಿಡಿದುಕೊಂಡಾಗ ಇವರಿಗೆ ಕೈಗೆಟುಕುವುದು ಮೆಡಿಕಲ್ ಶಾಪಿನ ಮಾತ್ರೆ, ಇಲ್ಲವೇ ಒಂದು ನೋವಿನ ಸೂಜಿ. ಡೈಕ್ಲೊಫೆನಾಕಿನಂಥ ಔಷಧ ಎರಡು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಏಟು ಬೀಳುತ್ತದೆ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಸೊಂಟನೋವಿಗೆ ಹೊರಡಿಸಿದ ಮಾರ್ಗಸೂಚಿ, ಹೊಸದಾಗಿ ಬಂದ ನೋವಿಗೆ ಔಷಧಕ್ಕಿಂತ ಮೊದಲು ಶಾಖ, ಮಸಾಜ್, ಅಕ್ಯುಪಂಕ್ಚರ್‌ನಂಥ ಉಪಾಯಗಳನ್ನು ನೋಡಿ ಎಂದು ಹೇಳಿತು. ಹಂಡೆಯ ಬಿಸಿನೀರು, ಬೆಚ್ಚನೆಯ ಎಣ್ಣೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದದ್ದರ ಹತ್ತಿರಕ್ಕೇ ಅದು ಬಂದು ನಿಂತಿತು. ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಇನ್ನೂ ಬಿಗಿಯಾದ ಮಾತು ಹೇಳಿತು: ವ್ಯಾಯಾಮದ ಜೊತೆಗಿದ್ದರೆ ಮಾತ್ರ ಮಸಾಜ್ ಯೋಚಿಸಬಹುದು, ಅದೊಂದೇ ಸಾಲದು. ಈ ಎರಡನೆಯ ಮಾತನ್ನು ಮರೆಯಬಾರದು, ಮುಂದೆ ಬೇಕಾಗುತ್ತದೆ.

ಪದ್ಧತಿಗಳ ವಿಷಯಕ್ಕೆ ಬರೋಣ. ಸ್ವೀಡಿಷ್ ಎಂದು ಜಗತ್ತು ಕರೆಯುವ ಉಜ್ಜುವ, ಹಿಸುಕುವ, ತಟ್ಟುವ ವಿಧಾನಕ್ಕೆ ಸ್ವೀಡನ್ನಿನ ವ್ಯಾಯಾಮ ಶಿಕ್ಷಕ ಪೆರ್ ಹೆನ್ರಿಕ್ ಲಿಂಗ್ ಹೆಸರು ಅಂಟಿಕೊಂಡಿದೆ. ಆದರೆ ಆ ಪಟ್ಟುಗಳನ್ನು ವಿಂಗಡಿಸಿ ಚಲಾವಣೆಗೆ ತಂದವನು 19ನೇ ಶತಮಾನದ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್. ಥಾಯ್ ಪದ್ಧತಿಯಲ್ಲಿ ಎಣ್ಣೆ ಇಲ್ಲ, ಬಟ್ಟೆ ತೊಟ್ಟೇ ಚಾಪೆಯ ಮೇಲೆ ಮಲಗಿಸಿ ಕೈಕಾಲು ಎಳೆದು ಬಾಗಿಸುತ್ತಾರೆ. 2019ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಜಪಾನಿನ ಶಿಯಾತ್ಸುವಿನಲ್ಲಿ ಬೆರಳಿನ ಒತ್ತೇ ಪ್ರಧಾನ. ಆಯುರ್ವೇದದಲ್ಲಿ ಎಣ್ಣೆಯ ಅಭ್ಯಂಗ, ಪುಡಿ ಹಾಕಿ ತಿಕ್ಕುವ ಉದ್ವರ್ತನ, ಕೇರಳದಲ್ಲಿ ಎಣ್ಣೆ ಹಿಂಡುತ್ತಾ ಸುರಿಯುವ ಪಿಳಿಚ್ಚಿಲ್ ಇವೆ. ಪಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮಹಮ್ಮದ್ ಎಂಬಾತ 19ನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹಬೆಸ್ನಾನ-ಮಾಲೀಶಿನ ಮನೆ ತೆರೆದು ಇಬ್ಬರು ದೊರೆಗಳಿಗೆ ಸೇವೆ ಸಲ್ಲಿಸಿದ್ದ. ಪೂರ್ವದ ಕೈಚಳಕ ಪಶ್ಚಿಮಕ್ಕೆ ಹೋಗಿದ್ದು ನಿನ್ನೆ ಮೊನ್ನೆಯ ಕಥೆಯಲ್ಲ. ಸ್ವಾರಸ್ಯ ಏನೆಂದರೆ ಈ ಪದ್ಧತಿಗಳು ಕೊಡುವ ಕಾರಣಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ಕಡೆ ವಾತ, ಒಂದು ಕಡೆ ಚಿ ಎಂಬ ಪ್ರಾಣಶಕ್ತಿ, ಇನ್ನೊಂದು ಕಡೆ ಥಾಯ್ ಜನರ ಸೆನ್ ನಾಡಿಗಳು. ಅಂಗಾಲಿನಲ್ಲಿ ಮೂತ್ರಪಿಂಡ, ಪಿತ್ತಕೋಶಗಳ ನಕ್ಷೆಯಿದೆ ಎನ್ನುವ ರಿಫ್ಲೆಕ್ಸಾಲಜಿಯ ವಾದಕ್ಕಂತೂ ಆಧಾರವೇ ಸಿಕ್ಕಿಲ್ಲ. ಕಾರಣಗಳೆಲ್ಲ ಒಟ್ಟಿಗೇ ನಿಜವಾಗಿರಲಾರವು. ಕೈಗಳು ಮಾತ್ರ ಎಲ್ಲ ಕಡೆಯೂ ಹೆಚ್ಚುಕಡಿಮೆ ಅದೇ ಕೆಲಸವನ್ನೇ ಮಾಡುತ್ತವೆ.

ಇದನ್ನು ನೇರವಾಗಿ ಒರೆಗೆ ಹಚ್ಚಿದ ಪ್ರಯೋಗವೊಂದಿದೆ. ಡೇನಿಯಲ್ ಚರ್ಕಿನ್ ಮತ್ತು ಸಂಗಡಿಗರು ಅಮೆರಿಕದ ಸಿಯಾಟಲ್ ಭಾಗದಲ್ಲಿ ಹಳೆಯ ಸೊಂಟನೋವಿನಿಂದ ನರಳುತ್ತಿದ್ದ 401 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನೋವಿನ ಮೂಲ ಹುಡುಕಿ ಒತ್ತುವ, ವಿಶೇಷ ಪರಿಣತಿ ಬೇಡುವ ಮಸಾಜ್. ಇನ್ನೊಂದಕ್ಕೆ ಮೈ ಹಗುರವಾಗಲಿ ಎಂದು ಮಾಡುವ ಸಾಮಾನ್ಯ ಮಸಾಜ್. ಮೂರನೆಯದಕ್ಕೆ ರೂಢಿಯ ಚಿಕಿತ್ಸೆ ಮಾತ್ರ. ವಾರಕ್ಕೊಮ್ಮೆಯಂತೆ ಹತ್ತು ವಾರ ನಡೆದ ಇದರ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮಸಾಜ್ ಪಡೆದ ಎರಡೂ ಗುಂಪಿನವರ ಓಡಾಟ ಸುಧಾರಿಸಿತ್ತು, ನೋವು ತಗ್ಗಿತ್ತು. ಆದರೆ ವಿಶೇಷ ಮಸಾಜಿಗೂ ಸಾಮಾನ್ಯ ಮಸಾಜಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಲಾಭವೂ ಸವೆದಿತ್ತು. ಮಸಾಜಿನ ಭಕ್ತರು ಮೊದಲ ಭಾಗವನ್ನಷ್ಟೇ ಹೇಳುತ್ತಾರೆ, ಟೀಕಾಕಾರರು ಕೊನೆಯದನ್ನಷ್ಟೇ. ನಡುವಿನ ಮಾತು ಎರಡಕ್ಕಿಂತ ಮುಖ್ಯ, ದುಬಾರಿ ಹೆಸರಿಗೆ ಕೊಟ್ಟ ಹಣ ಹೆಚ್ಚಿನದೇನನ್ನೂ ತರಲಿಲ್ಲ. 2015ರಲ್ಲಿ ಕೋಕ್ರೇನ್ ಸಮೀಕ್ಷೆ 25 ಪ್ರಯೋಗಗಳನ್ನು ಜಾಲಾಡಿ, ಅಲ್ಪಾವಧಿಯ ಉಪಶಮನ ಇದೆ, ಆದರೆ ಪುರಾವೆಯ ಗುಣಮಟ್ಟ ಕಡಿಮೆ ಎಂದು ಷರಾ ಬರೆಯಿತು. ಒಪ್ಪಬೇಕಾದ ಷರಾ. ಮಸಾಜು ಸವೆದ ಮಂಡಿಯನ್ನು ಹೊಸದು ಮಾಡುವುದಿಲ್ಲ, ಸಕ್ಕರೆ ಕಾಯಿಲೆ ಇಳಿಸುವುದಿಲ್ಲ, ಜಾರಿದ ಡಿಸ್ಕನ್ನು ತಳ್ಳಿ ಒಳಗೆ ಕೂರಿಸುವುದಿಲ್ಲ. ಸುಗ್ಗಿಯ ನಾಲ್ಕು ವಾರ ಸೊಂಟ ಎತ್ತಲು, ರಾತ್ರಿ ನಿದ್ರೆ ಹತ್ತಲು ನೆರವಾಗುತ್ತದೆ. ಕೂಲಿಯ ಮೇಲೆ ಬದುಕುವವರಿಗೆ ಆ ನಾಲ್ಕು ವಾರ ಸಣ್ಣ ಲಾಭವೇನಲ್ಲ.

ಮೈಯೊಳಗೆ ಆಗುವುದಾದರೂ ಏನು? ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 11 ಯುವಕರನ್ನು ಸುಸ್ತಾಗಿ ಕುಸಿಯುವವರೆಗೂ ಸೈಕಲ್ ತುಳಿಸಿ, ಒಂದೇ ಕಾಲಿಗೆ ಹತ್ತು ನಿಮಿಷ ಮಸಾಜ್ ಮಾಡಿ, ಎರಡೂ ಕಾಲಿನ ಸ್ನಾಯುವಿನಿಂದ ಚೂರು ತೆಗೆದು ಹೋಲಿಸಿದರು. 2012ರ ಅವರ ವರದಿಯ ಪ್ರಕಾರ ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆ ಇದ್ದವು. ಲ್ಯಾಕ್ಟಿಕ್ ಆಮ್ಲದ ಪ್ರಮಾಣ ಮಾತ್ರ ಒಂದಿಷ್ಟೂ ಬದಲಾಗಿರಲಿಲ್ಲ. ಆ ಆಮ್ಲವನ್ನು ಹಿಂಡಿ ತೆಗೆಯುತ್ತೇವೆ, ವಿಷ ಹೊರಹಾಕುತ್ತೇವೆ ಎಂಬ ಜಾಹೀರಾತುಗಳು ಇಲ್ಲಿಗೆ ಬಿದ್ದುಹೋಗುತ್ತವೆ. ಹನ್ನೊಂದು ಜನರ ಪ್ರಯೋಗ ಚಿಕ್ಕದು ನಿಜ. ಆದರೂ ಕೈಯ ಒತ್ತು ಸ್ನಾಯುವಿನ ಮಟ್ಟದಲ್ಲೇ ಏನನ್ನೋ ಮಾಡುತ್ತದೆ, ಬರೀ ಭ್ರಮೆಯಲ್ಲ ಎನ್ನುವುದಕ್ಕೆ ಅದು ಸಾಕು.

ಭ್ರಮೆ ಎಂಬ ಆಕ್ಷೇಪ ಹಳೆಯದು. ಯಾರೋ ಅರ್ಧ ಗಂಟೆ ಕೂತು ಮೈ ಸವರಿದರೆ ಹಿತ ಅನಿಸದೆ ಇರುತ್ತದೆಯೇ, ಅದನ್ನು ಚಿಕಿತ್ಸೆ ಎಂದು ಯಾಕೆ ಕರೆಯಬೇಕು ಎನ್ನುವವರಿದ್ದಾರೆ. ಇದಕ್ಕೆ ಉತ್ತರ ಹಸುಗೂಸುಗಳಿಂದ ಬಂದಿದೆ. ಏನನ್ನೂ ನಂಬಲು ಬಾರದ, ಏನನ್ನೂ ನಿರೀಕ್ಷಿಸದ, ದಿನ ತುಂಬುವ ಮುನ್ನ ಹುಟ್ಟಿದ ಮಕ್ಕಳಿಗೆ ಮಯಾಮಿಯಲ್ಲಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಹತ್ತು ದಿನ, ದಿನಕ್ಕೆ ಮೂರು ಬಾರಿ, ಒಂದು ಸಲಕ್ಕೆ 15 ನಿಮಿಷ ಮೈ ನೀವಿ ಕೈಕಾಲು ಆಡಿಸಿದರು. ಅಷ್ಟೇ ಹಾಲು ಕುಡಿದ ಉಳಿದ ಮಕ್ಕಳಿಗಿಂತ ಇವುಗಳ ದಿನದ ತೂಕ ಏರಿಕೆ ಶೇ 47ರಷ್ಟು ಹೆಚ್ಚಿತ್ತು. 1986ರಲ್ಲಿ ಪ್ರಕಟವಾದ ಈ ಫಲಿತಾಂಶ ಮಕ್ಕಳ ವೈದ್ಯರ ಕಣ್ಣು ತೆರೆಸಿತು. ಸ್ಪರ್ಶ ಆಹಾರದಷ್ಟೇ ವಾಸ್ತವ ಎಂಬುದು ಅಲ್ಲಿಂದ ಮುಂದೆ ವೈದ್ಯಕೀಯದ ಮಾತೂ ಆಯಿತು.

ಬಯಲುಸೀಮೆಯ ಬಾಣಂತನದಲ್ಲಿ ಈ ಕೆಲಸ ಬಚ್ಚಲಿನಲ್ಲಿ ನಡೆಯುತ್ತದೆ. ನೀರು ಹಾಕುವಾಕೆ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಎರಡೂ ಕಾಲು ನೀಡಿ, ಮಗುವನ್ನು ಆ ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿಕೊಳ್ಳುತ್ತಾಳೆ. ಬೆಚ್ಚಗೆ ಮಾಡಿದ ಎಣ್ಣೆಯನ್ನು ಮೊದಲು ನೆತ್ತಿಗೆ ತಟ್ಟಿ, ಆಮೇಲೆ ಎದೆ, ಹೊಟ್ಟೆ, ಕೈಕಾಲು. ಎಡಗೈಯನ್ನು ಬಲಗಾಲಿಗೆ, ಬಲಗೈಯನ್ನು ಎಡಗಾಲಿಗೆ ತಂದು ಮುಟ್ಟಿಸುವುದು. ಬೋರಲು ಹಾಕಿ ಬೆನ್ನು. ಬಿಸಿನೀರು, ಕಡಲೆಹಿಟ್ಟು, ಕೊನೆಗೆ ಸಾಂಬ್ರಾಣಿ ಹೊಗೆ. ಫೀಲ್ಡ್ ಅವರ 15 ನಿಮಿಷದಲ್ಲಿದ್ದ ಸವರುವುದು, ಕೈಕಾಲು ಮಡಿಸಿ ಬಿಡಿಸುವುದು ಎರಡೂ ಇಲ್ಲಿವೆ. ಎಣ್ಣೆಯ ಮಾತು ಮಾತ್ರ ಬೇರೆ. ದೊಡ್ಡವರ ಸೊಂಟಕ್ಕೆ ಯಾವ ಎಣ್ಣೆಯಾದರೂ ನಡೆದೀತು, ಮಗುವಿನ ಚರ್ಮಕ್ಕೆ ನಡೆಯುವುದಿಲ್ಲ. ಢಾಕಾದ ಆಸ್ಪತ್ರೆಯಲ್ಲಿ 33 ವಾರಕ್ಕೂ ಮುನ್ನ ಹುಟ್ಟಿದ ಮಕ್ಕಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಆಸ್ಪತ್ರೆಯ ಸೋಂಕು ಶೇ 41ರಷ್ಟು ತಗ್ಗಿತೆಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಮುಂಬೈನಲ್ಲಿ ನಡೆದ ಪ್ರಯೋಗದಲ್ಲಿ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡ ಮಕ್ಕಳು ಮಿನರಲ್ ಎಣ್ಣೆಯವಕ್ಕಿಂತ ಹೆಚ್ಚು ತೂಕ ಪಡೆದವು. ಇನ್ನು ಶೇಂಗಾ ಎಣ್ಣೆ. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಹೆಸರಾಗಿಸಿದ, ಜಿಲ್ಲೆಯ ಪ್ರತಿ ಅಡುಗೆಮನೆಯಲ್ಲೂ ಇರುವ ಎಣ್ಣೆ ಅದು. ಅದನ್ನು ಎಳೆಮಗುವಿನ ಗಾಯಗೊಂಡ, ಕಜ್ಜಿಯಾದ ಚರ್ಮಕ್ಕೆ ಹಚ್ಚದಿರುವುದೇ ಕ್ಷೇಮ. ಕಡಲೆಕಾಯಿ ಎಣ್ಣೆಯಿರುವ ಲೇಪ ಹಚ್ಚಿಸಿಕೊಂಡ ಮಕ್ಕಳಲ್ಲಿ ಮುಂದೆ ಕಡಲೆಕಾಯಿ ಅಲರ್ಜಿ ಹೆಚ್ಚು ಕಂಡಿತೆಂದು ಬ್ರಿಟನ್ನಿನ ಅಧ್ಯಯನವೊಂದು 2003ರಲ್ಲಿ ತೋರಿಸಿದೆ. ಹೊಸದುರ್ಗದ ಕೊಬ್ಬರಿ ಕೈಗೆ ಸಿಗುವಾಗ ಈ ವಿಷಯದಲ್ಲಿ ಪೇಚಾಡಬೇಕಾದ್ದೂ ಇಲ್ಲ.

ಅಜ್ಜಿ ಮಾಡಿದ್ದೆಲ್ಲ ಸರಿ ಎಂಬ ತೀರ್ಮಾನಕ್ಕೆ ಇದು ದಾರಿಯಾಗಬಾರದು. ಅದೇ ಬಚ್ಚಲಿನಲ್ಲಿ ಮಗುವಿನ ಮೂಗಿಗೆ, ಕಿವಿಗೆ ಎಣ್ಣೆಯ ಹನಿ ಬಿಡುವ ರೂಢಿಯೂ ಇದೆ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ಬರುವ ಒಂದು ಬಗೆಯ ನ್ಯುಮೋನಿಯಾವನ್ನು ಭಾರತದ ಮಕ್ಕಳ ವೈದ್ಯರು ಎಷ್ಟೋ ಸಲ ದಾಖಲಿಸಿದ್ದಾರೆ. ಕಾಲು ನೀವುವುದೂ ಯಾವಾಗಲೂ ನಿರಪಾಯವಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಊದಿಕೊಂಡಿದ್ದ 23 ವರ್ಷದ ಮಗನ ಕಾಲಿಗೆ ತಾಯಿ ಎಣ್ಣೆ ಹಚ್ಚಿ ತಿಕ್ಕಿದಾಗ, ರಕ್ತನಾಳದಲ್ಲಿ ಕಟ್ಟಿದ್ದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಅವನ ಜೀವವೇ ಹೋದ ಪ್ರಕರಣವನ್ನು ದೆಹಲಿಯ ಏಮ್ಸ್ ವೈದ್ಯರು ವರದಿ ಮಾಡಿದ್ದಾರೆ. ಹೆರಿಗೆಯ ನಂತರದ ವಾರಗಳಲ್ಲಿ ಇಂಥ ಹೆಪ್ಪುಗಟ್ಟುವ ಸಂಭವ ಹೆಚ್ಚು. ಬಾಣಂತಿಯ ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆಯ ಬಟ್ಟಲು ಬದಿಗಿಟ್ಟು ಆಸ್ಪತ್ರೆಗೆ ಹೊರಡಬೇಕು. ನೆರೆಯ ಬಳ್ಳಾರಿಯಿಂದ 2024ರಲ್ಲಿ ಬಂದ ಸುದ್ದಿಯನ್ನಂತೂ ಹಲವರು ಓದಿರುತ್ತಾರೆ. ಕ್ಷೌರದ ಜೊತೆಗೆ ಪುಕ್ಕಟೆ ಸಿಕ್ಕ ತಲೆ ಮಾಲೀಶಿನ ಕೊನೆಗೆ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಿದ್ದರಿಂದ 30 ವರ್ಷದ ಯುವಕನಿಗೆ ಕುತ್ತಿಗೆಯ ರಕ್ತನಾಳ ಹರಿದು ಪಾರ್ಶ್ವವಾಯು ಬಡಿಯಿತು. ಆ ಲಟಕ್ ಸದ್ದಿಗೆ ಚಿಕಿತ್ಸೆಯ ಬೆಲೆ ಏನೂ ಇಲ್ಲ. ಗಿರಾಕಿ ಕೇಳಿದರೂ ಮಾಡಬಾರದು. ಮುರಿದ ಮೂಳೆಯನ್ನು ಉಳುಕು ಎಂದು ತಿಳಿದು ನೀವುವುದಂತೂ ಹಳ್ಳಿಗಳಲ್ಲಿ ಇಂದಿಗೂ ನಡೆಯುವ ಅನಾಹುತ.

ಹೀಗೆ ತಡೆ ಹಾಕುವುದು ಆಸ್ಪತ್ರೆಯವರ ಹೊಟ್ಟೆಕಿಚ್ಚು, ಪರಂಪರೆಗೆ ಅಡ್ಡಗೋಡೆ ಎನ್ನುವವರಿಗೆ ಪರಂಪರೆಯನ್ನೇ ತೋರಿಸಬಹುದು. ವಾಗ್ಭಟನ ಅಷ್ಟಾಂಗಹೃದಯ ದಿನವೂ ಅಭ್ಯಂಗ ಮಾಡಿಕೊಳ್ಳಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಂದು ಹೇಳಿದ ಬೆನ್ನಲ್ಲೇ, ಕಫ ಹೆಚ್ಚಿದವರು, ಶೋಧನ ಚಿಕಿತ್ಸೆ ಆದವರು, ಅಜೀರ್ಣವಿದ್ದವರು ಬಿಡಬೇಕು ಎಂದೂ ಹೇಳುತ್ತದೆ. ಯಾರಿಗೆ ಬೇಡ ಎಂಬುದು ಶಾಸ್ತ್ರದ ಹೊರಗಿನ ಮಾತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ಮಾನಸೋಲ್ಲಾಸ ಪಾದಾಭ್ಯಂಗವನ್ನು ರಾಜಭೋಗಗಳ ಸಾಲಿಗೆ ಸೇರಿಸುತ್ತದೆ, ಮಲ್ಲರ ಸಾಧನೆಗೂ ಪ್ರತ್ಯೇಕ ಜಾಗ ಕೊಡುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಗರಡಿಮನೆಯೂ ಇದೆ, ಎಣ್ಣೆ ಕೊಳ ಎಂದು ಜನ ಕರೆಯುವ ಹೊಂಡವೂ ಇದೆ. ಆ ಎಣ್ಣೆಯೆಲ್ಲ ಪೈಲ್ವಾನರ ಮೈಗೇ ಹೋಯಿತೆಂದು ಹೇಳಿದರೆ ಗೈಡುಗಳ ಮಾತಿಗೆ ನಾವೂ ಒಂದು ಸೇರಿಸಿದಂತಾದೀತು. ಆದರೆ ಗರಡಿಯ ಶಿಸ್ತಿನಲ್ಲಿ ಮಾಲೀಶು ಸಾಮು-ಬಸ್ಕಿಯ ಜೊತೆಗೇ ಇತ್ತು, ಬೇರೆಯಾಗಿ ಇರಲಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥಸೇವಾಶ್ರಮ ಕಟ್ಟಿದ, ತಿರುಕ ಎಂಬ ಹೆಸರಿನಲ್ಲಿ ಬರೆದ ರಾಘವೇಂದ್ರ ಸ್ವಾಮೀಜಿ, 1996ರಲ್ಲಿ ತೀರಿಕೊಳ್ಳುವವರೆಗೂ ಯೋಗ, ವ್ಯಾಯಾಮ, ಆಯುರ್ವೇದಗಳನ್ನು ಒಂದೇ ಅಂಗಳದಲ್ಲಿ ನಡೆಸಿದರು. ನೈಸ್ ಸಂಸ್ಥೆಯ ಆ ಬಿಗಿ ಮಾತು, ವ್ಯಾಯಾಮವಿಲ್ಲದೆ ಮಸಾಜ್ ಸಾಲದೆಂಬುದು, ಈ ನೆಲಕ್ಕೆ ಹೊರಗಿನದೇನಲ್ಲ.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಊರಿನ ರೂಢಿಯನ್ನು ಹೊಗಳುವಾಗ ಆ ರೂಢಿ ಯಾರನ್ನು ಮುಟ್ಟಿತು, ಯಾರನ್ನು ದೂರವಿಟ್ಟಿತು ಎಂದು ಕೇಳಲೇಬೇಕು. ಇದೇ ಚಿತ್ರದುರ್ಗ, ಹಿರಿಯೂರು, ಹೊಸದುರ್ಗದ ಹಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇರಿಸುವ ಪದ್ಧತಿ ಬಹುಕಾಲ ನಡೆದುಬಂದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಮಳೆ-ಚಳಿಯಲ್ಲಿ ಹೊರಗಿದ್ದ ಹಸುಗೂಸು ಸತ್ತಿತು. ಹೆಂಗಸರನ್ನು ಹೀಗೆ ಊರಾಚೆ ಇರಿಸುವ ಬಲವಂತಕ್ಕೆ 2017ರ ರಾಜ್ಯ ಕಾಯ್ದೆಯ ತಡೆ ಇದ್ದೂ ನಡೆದದ್ದು ಇದು. ಸ್ಪರ್ಶ ಅತಿ ಬೇಕಾದ ದಿನಗಳಲ್ಲೇ ಅದನ್ನು ಕಿತ್ತುಕೊಳ್ಳುವ ರೂಢಿಗೆ ಯಾವ ಸಮರ್ಥನೆಯೂ ಇಲ್ಲ. ಮುಟ್ಟುವ ಕೈಗಳ ಗತಿಯೂ ಅಷ್ಟೇ. ತಲೆ ಒತ್ತುವ ಕ್ಷೌರಿಕ ಬೆಳಿಗ್ಗೆ ಎದುರಾದರೆ ಅಪಶಕುನ ಎಂದ ಸಮಾಜ ಇದು. ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳ ನೆರೆಯ ಪಾವಗಡದಲ್ಲಿ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರಿಗೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಮೇಲೆ, ತೊಂಬತ್ತು ದಾಟಿದ ಮೇಲೆ, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಹೆರಿಗೆಗಳು ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು. ಹೆರಿಗೆಯ ನಂತರದ ಎಣ್ಣೆ-ನೀರಿನ ಕೆಲಸ ಮಾತ್ರ ಅದೇ ಬಡ ಹೆಂಗಸರ ಕೈಯಲ್ಲೇ ಉಳಿದಿದೆ, ಒಂದು ಸೀರೆ, ಒಂದಿಷ್ಟು ಅಕ್ಕಿ-ಬೇಳೆ, ಕೊಟ್ಟಷ್ಟು ದುಡ್ಡಿಗೆ.

ಈ ಕೈಗಳಿಗೆ ತರಬೇತಿ ಕೊಡುವುದಕ್ಕಿಂತ ತುರ್ತಿನ ಕೆಲಸಗಳು ಸರ್ಕಾರಕ್ಕಿವೆ, ಮೊದಲು ಫಿಸಿಯೊಥೆರಪಿಸ್ಟರನ್ನು ತಾಲ್ಲೂಕಿಗೆ ತನ್ನಿ ಎನ್ನುವ ವಾದವನ್ನು ಅಲ್ಲಗಳೆಯುವುದು ಕಷ್ಟ. ತರಲಿ. ಆದರೆ ಈ ತರಬೇತಿಗೆ ಹೊಸ ಇಲಾಖೆಯೇನೂ ಬೇಕಿಲ್ಲ. ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ನೋಡುವ ಕಾರ್ಯಕ್ರಮ 2011ರಿಂದ ನಡೆಯುತ್ತಿದೆ, ಆಶಾ ಕಾರ್ಯಕರ್ತೆ ಹೆರಿಗೆಯಾದ 42 ದಿನದೊಳಗೆ ಆರೇಳು ಸಲ ಬಾಣಂತಿಯ ಮನೆಗೆ ಹೋಗುತ್ತಾಳೆ. ಮುಟ್ಟಿ ಮಾಡುವ ಆರೈಕೆಯನ್ನು ಸರ್ಕಾರಿ ವ್ಯವಸ್ಥೆಯೊಳಗೆ ತರಬಹುದೆಂಬುದು ಕೊಪ್ಪಳದಲ್ಲಿ ಗೊತ್ತಾಗಿದೆ. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಅಲ್ಲಿ ಆಸ್ಪತ್ರೆಯಿಂದ ಮನೆಯವರೆಗೂ ನಡೆಸಿ ನೋಡಿದ್ದಾರೆ. ಆಶಾ ಬರುವ ದಿನವೇ ನೀರು ಹಾಕುವಾಕೆಯನ್ನೂ ಕೂರಿಸಿಕೊಂಡು ಹೇಳಬೇಕಾದದ್ದು ಒಂದು ಹಾಳೆಯಲ್ಲಿ ಹಿಡಿಯುತ್ತದೆ: ಮೂಗು-ಕಿವಿಗೆ ಎಣ್ಣೆ ಬೇಡ, ಮಗುವಿಗೆ ಕೊಬ್ಬರಿ ಎಣ್ಣೆ ಇಲ್ಲವೇ ಸೂರ್ಯಕಾಂತಿ, ಜ್ವರವಿದ್ದರೆ ನಿಲ್ಲಿಸಿ, ಸಿಸೇರಿಯನ್ ಹೊಲಿಗೆಯ ಹೊಟ್ಟೆ ಒತ್ತಬೇಡಿ, ಒಂದೇ ಕಾಲು ಊದಿದ್ದರೆ ಮುಟ್ಟಬೇಡಿ. ಕ್ಷೌರದಂಗಡಿಗೆ ಒಂದೇ ಸಾಲು ಸಾಕು, ಕುತ್ತಿಗೆ ತಿರುಗಿಸಬೇಡಿ. ಚಿತ್ರದುರ್ಗದಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಆಯುರ್ವೇದ ಕಾಲೇಜೂ ಇದೆ. ವರ್ಷಕ್ಕೆ ಒಂದೆರಡು ದಿನ ಈ ಹೆಂಗಸರನ್ನೂ ಕ್ಷೌರಿಕರನ್ನೂ ಕರೆದು ಹೇಳಿಕೊಟ್ಟು ಒಂದು ಗುರುತಿನ ಚೀಟಿ ಕೊಟ್ಟರೆ, ಬಾಣಂತಿಯ ಮನೆಯವರ ಮುಂದೆ ಕೂಲಿಯ ಮಾತಾಡುವಾಗ ತೋರಿಸಲು ಅವರ ಕೈಯಲ್ಲೂ ಒಂದು ಕಾಗದ ಇರುತ್ತದೆ.